ಹುಲ್ಲುನೀರಿನ ಬಾಟಲಿ ಮತ್ತು ಪದ್ಮಾವತಿ ಆಯಿ

ಮೈಯ ಆಕಾರ, ಹೋಗುವ ದಿಕ್ಕು, ಇವೆರಡರಲ್ಲಿ ಒಂದನ್ನಾದರೂ ಕಾಪಾಡಿಕೊಂಡವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದರಲ್ಲೂ ಬ್ಯಾಕ್ಟೀರಿಯಾಗಳನ್ನು ಕಂಡರೆ! ಸುತ್ತ ಗಟ್ಟಿ ಗೋಡೆ ಕಟ್ಟಿಕೊಂಡು, ಒಳಗೆ ನೀರು ಎಷ್ಟೇ ನುಗ್ಗಿ ಒತ್ತಿದರೂ ಕಡ್ಡಿಯಂತಿದ್ದದ್ದು ಕಡ್ಡಿಯಾಗಿ, ಗುಂಡಗಿದ್ದದ್ದು ಗುಂಡಗೇ ಉಳಿಯುತ್ತವೆ. ನಾನೋ, ಎರಡು ಹೋಳಿಗೆ ಹೆಚ್ಚು ತಿಂದರೆ ಆಕಾರ ಕಾಯುವುದು ಬೆಲ್ಟ್ ಒಂದೇ, ಅದೂ ಕೊನೆಯ ತೂತಿನವರೆಗೆ.

ಎಂಬತ್ತರ ದಶಕದ ಕೊನೆಗೆ ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಹಂಗಾಮಿ ಮಾಸ್ತರ. ಹಿಂದಿನ ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ಬಂದಿದ್ದ ಪರೀಕ್ಷಕರು ನಾನು ಬಣ್ಣ ಹಾಕಿಟ್ಟ ಸ್ಲೈಡುಗಳನ್ನು ನೋಡಿ, "ಎಲ್ಲಾ ಸತ್ತಾವಲ್ರಿ! ಓಡಾಡೂವು ಒಂದೂ ಇಲ್ಲೇನು?" ಎಂದು ನಕ್ಕಿದ್ದರು. ಪ್ರಿನ್ಸಿಪಾಲರು ನಗಲಿಲ್ಲ. "ಈ ಸಲ ಓಡಾಡೂವು ತೋರಸ್ರಿ. ಇಲ್ಲಂದ್ರ ನೌಕರಿ ಕಾಯಂ ಆಗೂ ಮಾತ ಬಿಡ್ರಿ" ಎಂದರು.

ಹಾಗಾಗಿ ಬಾಡಿಗೆ ಮನೆಯ ಬಾವಿನೀರಿಗೆ ಒಣಹುಲ್ಲು ಹಾಕಿ ಬಾಟಲಿಯಲ್ಲಿ ನಾಲ್ಕು ದಿನ ನೆನೆಸಿಟ್ಟೆ. ಪರೀಕ್ಷೆಯ ಹಿಂದಿನ ದಿನ ಕಾಲೇಜಿನ ಸೂಕ್ಷ್ಮದರ್ಶಕವನ್ನು ಸೈಕಲ್ಲಿಗೆ ಕಟ್ಟಿ ತಂದು ಒಂದು ಹನಿ ನೋಡಿದರೆ, ಆಹಾ, ಕಡ್ಡಿಗಳ ದಂಡೇ ದಂಡು! ಕಣ್ಣಿಗೆ ಕಾಣದ ಬಾಲ ಗಿರಗಿರ ತಿರುಗಿಸುತ್ತ ನೆಟ್ಟಗೆ ಓಡುತ್ತವೆ, ಗಕ್ಕನೆ ಪಲ್ಟಿ ಹೊಡೆಯುತ್ತವೆ, ಇನ್ನೊಂದು ದಿಕ್ಕಿಗೆ ಮತ್ತೆ ಓಟ. ನಾನು ಕುಣಿದೇಬಿಟ್ಟೆ. ಸಂತೋಷ ತಡೆಯಲಾರದೆ ಮನೆಯೊಡತಿ ಪದ್ಮಾವತಿ ಆಯಿಯನ್ನು ಕರೆದು ತೋರಿಸಿದೆ. ಅದೇ ತಪ್ಪಾಯಿತು. ಆಯಿ ಜೈನರು, ನೀರು ಸೋಸಿದ ಅರಿವೆಯಲ್ಲಿ ಉಳಿದ ಜೀವಗಳನ್ನೂ ತೊಳೆದು, ಸೇದಿದ ಬಾವಿಗೇ ಮೆಲ್ಲಗೆ ಇಳಿಸಿ ಬರುವವರು. ಒಂದು ಕಣ್ಣು ಮುಚ್ಚಿ ನೋಡಿದವರೇ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಯವ್ವಾ! ಎಷ್ಟ್ ಧಡಪಡಸಾಕತ್ತಾವ್ರಿ! ಮನಿ ಹುಡುಕಾಕತ್ತಾವ. ಯಾವ ಬಾವೀವು?"

"ನಮ್ಮ ಹಿತ್ತಲದ್ದೇ, ಆಯಿ. ನಾಳೆ ಪರೀಕ್ಷಾ ಮುಗದ ಮ್ಯಾಲ ಬಿಡ್ತೀನ್ರಿ."

"ಪರೀಕ್ಷಾ ನಿಮಗ. ಅವಕ್ಕೇನ ಬಂದೈತ್ರಿ?"

ಬಾಟಲಿಯನ್ನು ಕೋಣೆಯಲ್ಲೇ ಬಿಟ್ಟು, ಸೂಕ್ಷ್ಮದರ್ಶಕವನ್ನು ಕಾಲೇಜಿಗೆ ಮುಟ್ಟಿಸಲು ಹೊರಟೆ. ದಾರಿಯುದ್ದಕ್ಕೂ ಕಾಯಂ ಆದವನಂತೆ ಸೀಟಿ ಹೊಡೆದೆ. ಮರಳಿ ಬಂದಾಗ ಆಯಿ ತಂಬಿಗೆ ನೀರು ಕೊಟ್ಟರು. ಗಟಗಟ ಕುಡಿದೆ. ಏನೋ ಹುಲ್ಲಿನ ವಾಸನೆ.

"ಎಲ್ಲಾರನೂ ಮನಿ ಮುಟ್ಟಿಸಿದೆ ನೋಡ್ರಿ" ಎಂದರು ಆಯಿ. "ಹುಲ್ಲ ತಗದು, ಕೊಡದಾಗ ಹಾಕಿ, ಸಾವಕಾಶ ಬಾವ್ಯಾಗ ಇಳಿಸೀನಿ. ಬಾಟ್ಲಿ ತೊಳದಿಟ್ಟೀನಿ."

"ಆಯಿ, ಈಗ ಕುಡದ ನೀರು?"

"ಆಮ್ಯಾಲೇ ಸೇದಿದ್ದು. ಅಂಜಬ್ಯಾಡ್ರಿ, ಎರಡ ಪದರ ಅರಿವ್ಯಾಗ ಸೋಸೀನಿ."

ಬ್ಯಾಕ್ಟೀರಿಯಾ ಎರಡಲ್ಲ, ಇಪ್ಪತ್ತು ಪದರದಲ್ಲೂ ನುಸುಳುತ್ತವೆ ಎಂದು ಪಾಠ ಹೇಳುವವನು ನಾನೇ. ಆದರೆ ಆ ಮುಖದ ಸಮಾಧಾನ ನೋಡಿ ತಂಬಿಗೆ ಕೆಳಗಿಟ್ಟು ಕೈಮುಗಿದೆ.

ಮರುದಿನ ಪರೀಕ್ಷಕರು, "ಎಲ್ಲಿ ಅದಾವ್ರಿ ನಿಮ್ಮ ಓಡಾಡೂವು?" ಎಂದರು. ನಾನು ಹೊಟ್ಟೆ ಹಿಡಿದುಕೊಂಡು, "ಐದೇ ನಿಮಿಷ್ರಿ, ಸರ" ಎಂದು ನೆಟ್ಟಗೆ ಹೊರಗೆ ಓಡಿದೆ. ಆ ವರ್ಷ ನಮ್ಮ ವಿಭಾಗ ತೋರಿಸಿದ ಜೀವಂತ ಓಡಾಟ ಅದೊಂದೇ. ಕಾಯಂ ಮಾಡಲು ಪ್ರಿನ್ಸಿಪಾಲರಿಗೆ ಅದು ಸಾಲಲಿಲ್ಲ.