ಭೈರೂ ಆಡದ ಮಾತು

ಟಿವಿಯ ಧಾರಾವಾಹಿಯಲ್ಲಿ ಕೋಟೆಯ ಬಾಗಿಲು ಕಾಯುವ ಭೈರೂ ಹಿಂದಿಯಲ್ಲಿ ಕೇಳಿದ್ದು ಇಷ್ಟೇ, ಕುದುರೆಗೆ ನೀರು ಕುಡಿಸಿ ಆಯಿತೇ ಎಂದು. ಅದನ್ನು ಕನ್ನಡಕ್ಕೆ ತರುವಾಗ ದತ್ತಾತ್ರೇಯ, "ರಾಜಕುಮಾರಿ, ನೀವು ಈ ಬಾಗಿಲು ದಾಟಿ ಹೋದ ದಿವಸ ನನಗ ಊಟ ಸೇರೂದಿಲ್ಲ" ಎಂದುಬಿಟ್ಟ. ಅನಾಹುತ ಶುರುವಾದದ್ದು ಅಲ್ಲಿಂದ.

ಪೂರ್ತಿ ಅವನನ್ನೇ ಬೈಯುವ ಹಾಗೂ ಇಲ್ಲ. ಭಾನುವಾರ ಬೆಳಿಗ್ಗೆ ಸಿಕಂದರಾಬಾದಿನ ಹತ್ತಿರದ ಉಪ್ಪಲ್ ಎಂಬಲ್ಲಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಯಮುನಾಬಾಯಿಯ ಟಿವಿಯ ಮುಂದೆ ಸೇರುತ್ತಿದ್ದ ಕನ್ನಡದ ಜನಕ್ಕೆ ಬರುತ್ತಿದ್ದದ್ದು ಬೇಗಂ ಬಜಾರಿನಲ್ಲಿ ತೊಗರಿಬೇಳೆ ಚೌಕಾಸಿ ಮಾಡುವಷ್ಟು ಹಿಂದಿ. 'ನೀಲದುರ್ಗ' ಧಾರಾವಾಹಿಯವರು ಆಡುತ್ತಿದ್ದದ್ದು ಯಜ್ಞಕುಂಡದಿಂದ ಈಗಷ್ಟೇ ಎದ್ದು ಬಂದವರ ಹಿಂದಿ. ಅದರ ಮೇಲೆ ಆ ಟಿವಿಯ ದನಿಯೋ, ಬಾವಿಗೆ ಬಿದ್ದವನು ಕೂಗಿದ ಹಾಗೆ. ದತ್ತಾತ್ರೇಯ ಕಾರ್ಖಾನೆಯಲ್ಲಿ ಹಿಂದಿ ಅನುವಾದಕ. ವಾರವಿಡೀ ಅವನು ಅನುವಾದಿಸಿದ ಸುತ್ತೋಲೆಗಳನ್ನು ಒಂದು ನರಪಿಳ್ಳೆ ಓದುತ್ತಿರಲಿಲ್ಲ. ಭಾನುವಾರ ಮಾತ್ರ ಟಿವಿಯ ಪಕ್ಕದ ಕುರ್ಚಿಯಲ್ಲಿ ಕೂತು, ಪುರಾಣ ಹೇಳುವ ಶಾಸ್ತ್ರಿಗಳ ಹಾಗೆ ಒಂದೊಂದು ಮಾತನ್ನೂ ಕನ್ನಡ ಮಾಡುತ್ತಿದ್ದ. ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆ ಎಲ್ಲರಲ್ಲಿ ಮೇಲಿನ ಮನೆಯ ಸುಭದ್ರಾ ಇದ್ದಳು.

ಶಿವಮೊಗ್ಗದ ಕಡೆಯ ಹುಡುಗಿ. ಇಂಜಿನಿಯರ್ ಸುಬ್ಬರಾಯನ ತಂಗಿ. ಅವಳು ಮೆಟ್ಟಿಲ ಮೇಲೆ ಎದುರಾದರೆ ದತ್ತಾತ್ರೇಯನ ನಾಲಿಗೆ ಮೂರು ದಿನದ ಜೋಳದ ರೊಟ್ಟಿಯಾಗುತ್ತಿತ್ತು. ಅವನ ನಮಸ್ಕಾರ ಹೊರಬೀಳುವಷ್ಟರಲ್ಲಿ ಅವಳು ಮನೆ ಸೇರಿ ಬಾಗಿಲು ಹಾಕಿಕೊಂಡಿರುತ್ತಿದ್ದಳು. ಅದೇ ನಾಲಿಗೆ ಭೈರೂನ ಬಾಯಿಗೆ ಹೊಕ್ಕರೆ ಸಾಕು, ಜೇನು ಸುರಿಸುತ್ತಿತ್ತು.

ಹೀಗಾಗಿ ದೇಶಕ್ಕೆಲ್ಲ ಆಕಾಶದಲ್ಲಿ ಹಾರುವ ಪವನವೀರ ನಾಯಕನಾದರೆ ಈ ಕ್ವಾರ್ಟರ್ಸಿಗೆ ಬಾಗಿಲು ಕಾಯುವ ಭೈರೂ ನಾಯಕನಾದ. ಹಾರುವುದೇನು ದೊಡ್ಡ ಮಾತು, ಕಾಗೆಯೂ ಹಾರುತ್ತದೆ ಎಂಬುದು ಯಮುನಾಬಾಯಿಯ ವಾದ. ಅಕೌಂಟ್ಸಿನಲ್ಲಿದ್ದು ನಿವೃತ್ತರಾದ ಕಲ್ಯಾಣಪ್ಪನವರು ಮಾತ್ರ ರಾಜಕುಮಾರಿಯನ್ನು ಸೆರೆಯಿಟ್ಟ ಮಾಂತ್ರಿಕ ತಾಮ್ರಶಿಖನ ಪಕ್ಷ. ಅವನ ಆಡಳಿತದಲ್ಲಿ ಕೋಟೆಯಲ್ಲಿ ಒಂದಾದರೂ ಸ್ಟ್ರೈಕ್ ಆಗಿದೆಯೇ ಎಂದು ಕೇಳುತ್ತಿದ್ದರು. ಸುಭದ್ರಾ ಮಾತಾಡುತ್ತಿದ್ದದ್ದು ಕಡಿಮೆ. ಒಂದು ದಿನ ಅಂದಳು: "ಹಾರೋವ್ನಿಗೆ ಕಷ್ಟ ಬಂದ್ರೆ ಹಾರಿ ಹೋಗ್ತಾನೆ, ಅಲ್ಲಿಗೆ ಕತೆ ಮುಗೀತು. ಕತೆ ಇರೋದೆಲ್ಲ ನಿಂತಲ್ಲೇ ನಿಂತವನ ಹತ್ರ." ಆ ಮಾತನ್ನು ದತ್ತಾತ್ರೇಯ ತಿಂಗಳಾನುಗಟ್ಟಲೆ ಎದೆಯಲ್ಲಿ ಇಟ್ಟುಕೊಂಡು ಓಡಾಡಿದ, ಹೊಸ ವಾಚು ಕಟ್ಟಿಕೊಂಡವನ ಹಾಗೆ.

ಹೀಗಿರುವಾಗ ಒಂದು ಭಾನುವಾರ ಹಾಲಿನ ಬೂತಿನ ಮುಂದೆ ಯಮುನಾಬಾಯಿ ಸುದ್ದಿ ಹೇಳಿದರು. ಸಿಕಂದರಾಬಾದಿನ ರೈಲ್ವೆ ಕಚೇರಿಯ ರಾಮದಾಸ ಎಂಬ ವರ ಹಿಂದೆ ಸುಭದ್ರಾಳನ್ನು ನೋಡಿಹೋಗಿದ್ದ. ಉಪ್ಪಿಟ್ಟು ತಿಂದು, ತಲೆ ಆಡಿಸಿ, ಒಂದು ಮಾತೂ ಆಡದೆ ಎದ್ದಿದ್ದನಂತೆ. ಸುಭದ್ರಾ ಅವತ್ತೇ ಬೇಡ ಅಂದಿದ್ದಳು. ಈಗ ಅವರ ಕಡೆಯವರು ಮತ್ತೆ ಹೇಳಿ ಕಳಿಸಿದ್ದಾರೆ, ಮಧ್ಯಾಹ್ನ ಸುಬ್ಬರಾಯ ಫೋನ್ ಮಾಡಿ ಕಡೆಯ ಉತ್ತರ ಕೊಡಬೇಕು.

ದತ್ತಾತ್ರೇಯ ಹಾಲಿನ ಪಾಕೀಟು ಹಿಡಿದು ಮನೆಗೆ ನಡೆದ. ತಾನಾಗಿ ಹೋಗಿ ಹೇಳುವ ಎದೆಗಾರಿಕೆ ಈ ಜನ್ಮದಲ್ಲಿ ಇಲ್ಲ. ಆದರೆ ಭೈರೂ ಹೇಳಬಹುದಲ್ಲ. ಇವತ್ತು ಭೈರೂ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು, ಅದು ಯಾರ ಮಾತು ಎಂದು ಸುಭದ್ರಾಳಿಗೆ ತಿಳಿಯುವ ಹಾಗೆ ಹೇಳಬೇಕು. ಗಡ್ಡ ಬೋಳಿಸುತ್ತ ಮಾತು ಜೋಡಿಸಿದ. ವಿರಹದ ಜಾಗ ಬಂದಾಗ ಗದ್ದ ಕೊಯ್ದುಕೊಂಡ.

ಗದ್ದಕ್ಕೆ ಹತ್ತಿ ಅಂಟಿಸಿಕೊಂಡು ಹೋದರೆ ಅವನ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ. ಯಮುನಾಬಾಯಿಯ ಅಳಿಯ ವೆಂಕಟೇಶ, ಭೋಪಾಲದಲ್ಲಿ ನೌಕರಿ. ಇವರಿಗೆ ಹಿಂದಿ ನೀರು ಕುಡಿದಂಗ ಬರ್ತೈತಿ ಎಂದು ಯಮುನಾಬಾಯಿ ಹೆಮ್ಮೆಯಿಂದ ಪರಿಚಯ ಮಾಡಿಕೊಟ್ಟರು. ದತ್ತಾತ್ರೇಯನಿಗೆ ತಾನೇ ಬಾವಿಗೆ ಬಿದ್ದಂತಾಯಿತು. ಹೋಗಿ ಸ್ಟೂಲಿನ ಮೇಲೆ ಕೂತ. ಸುಭದ್ರಾ ಬಾಗಿಲಿಗೆ ಒರಗಿ ಕೂತಿದ್ದಳು, ಮುಖ ಸ್ವಲ್ಪ ಬಾಡಿತ್ತು.

ಧಾರಾವಾಹಿ ಶುರುವಾಯಿತು. ಪವನವೀರ ಹಾರಿದ, ಇಳಿದ, ಮತ್ತೆ ಹಾರಿದ. ಇಷ್ಟು ಹಾರಾಡುವವನು ರಾಜಕುಮಾರಿಯನ್ನು ಮೊದಲ ದಿನವೇ ಎತ್ತಿಕೊಂಡು ಬರಬಹುದಿತ್ತಲ್ಲ, ಕತೆ ಬರೆದವನಿಗೆ ಬುದ್ಧಿ ಇಲ್ಲವೇ ಎಂದು ಕಲ್ಯಾಣಪ್ಪನವರು ತಗಾದೆ ತೆಗೆದರು. ಹಾಗೆ ಮಾಡಿದ್ದರೆ ಆಮೇಲೆ ವಾರ ವಾರ ಏನು ನೋಡುತ್ತಿದ್ದಿರಿ, ನಿಮ್ಮ ಮೋರೆಯನ್ನೇ ಎಂದು ಯಮುನಾಬಾಯಿ ಬಾಯಿ ಮುಚ್ಚಿಸಿದರು. ಅಷ್ಟರಲ್ಲಿ ಭೈರೂ ಕಾಣಿಸಿಕೊಂಡು ದಳಪತಿಗೆ ಏನೋ ಅಂದ. ದತ್ತಾತ್ರೇಯ ಮೆಲ್ಲಗೆ, "ಒಂದು ದಿನ ಅವಳು ಹೊಂಟು ಹೋಗ್ತಾಳ, ಈ ಬಾಗಿಲು ತೆರಿಯೂ ಕೈ ನಂದೇ ಇರ್ತೈತಿ, ಅಂತಾನ" ಎಂದ.

ವೆಂಕಟೇಶ ಕತ್ತು ತಿರುಗಿಸಿದ. "ಹಂಗ ಎಲ್ಲಿ ಅಂದಾನ್ರಿ? ಎಣ್ಣಿ ಖಾಲಿ ಆಗೈತಿ, ದೀಪ ಹಚ್ಚಾಕ ಆಗೂದಿಲ್ಲ ಅಂದ ಅಂವ."

ದತ್ತಾತ್ರೇಯನ ಗದ್ದದ ಹತ್ತಿ ಉದುರಿತು. ಆದರೆ ಜನ ತಿರುಗಿಬಿದ್ದದ್ದು ಅಳಿಯನ ಮೇಲೆ. ಭೈರೂನ ಕಣ್ಣು ನೋಡಿ, ಎಣ್ಣೆಯ ಮಾತಾಡುವವನ ಕಣ್ಣೇನು ಅದು ಎಂದು ಮಾಂತ್ರಿಕನ ಪಕ್ಷದ ಕಲ್ಯಾಣಪ್ಪನವರೂ ಕೇಳಿದರು. ಯಮುನಾಬಾಯಿಗೆ ಅಳಿಯನೆಂಬ ಮರ್ಯಾದೆ ಒಂದು ಕಡೆ, ಭೈರೂ ಒಂದು ಕಡೆ. ಭೈರೂನೇ ಗೆದ್ದ.

"ಭೋಪಾಲದ ಹಿಂದಿ ಬ್ಯಾರೆ ಇರಬೇಕ್ರಿ ವೆಂಕಟೇಶರಾವ್," ಎಂದರು. "ನೀವು ಸುಮ್ಮ ಚಾ ಕುಡೀರಿ."

ದತ್ತಾತ್ರೇಯನಿಗೆ ಹೋದ ಜೀವ ಬಂತು. ತೆರೆಯ ಮೇಲೆ ರಾಜಕುಮಾರಿ ಮೇಘಾವತಿ ಕೋಟೆಯ ಬಾಗಿಲಿಗೆ ಬಂದಳು. ಭೈರೂ ಈಟಿ ಕೆಳಗಿಟ್ಟ. ಅವಳನ್ನು ನೋಡಿದ. ತುಟಿ ಅಲುಗಿತು.

ಕರೆಂಟು ಹೋಯಿತು.

ಇಡೀ ಕ್ವಾರ್ಟರ್ಸು ಒಟ್ಟಿಗೆ ನಿಟ್ಟುಸಿರು ಬಿಟ್ಟಿತು. ಪಕ್ಕದ ಬ್ಲಾಕಿನಲ್ಲಿ ಯಾರೋ ತೆಲುಗಿನಲ್ಲಿ ಕರೆಂಟ್ ಆಫೀಸಿನವರ ವಂಶಾವಳಿ ಹೇಳತೊಡಗಿದರು. ಅಂವ ಏನು ಹೇಳಾಂವ ಇದ್ದ ಎಂದು ಯಮುನಾಬಾಯಿ ದತ್ತಾತ್ರೇಯನನ್ನು ಕೇಳಿದರು. ಬಾಯೇ ತೆರೆಯದವನು ಏನು ಹೇಳುತ್ತಾನೆ ಎಂದು ವೆಂಕಟೇಶ ಗೊಣಗಿದ. ಆಗ ಬಾಗಿಲ ಕಡೆಯಿಂದ ಸುಭದ್ರಾ ಅಂದಳು: "ನೀವು ಹೇಳಿ. ನಿಮಗೆ ಗೊತ್ತಿರುತ್ತೆ."

ದತ್ತಾತ್ರೇಯ ಖಾಲಿ ತೆರೆಯನ್ನೇ ನೋಡುತ್ತ ಶುರುಮಾಡಿದ.

"ಮೆಟ್ಟಿಲ ಮ್ಯಾಲೆ ನಿಮ್ಮ ಹೆಜ್ಜಿ ಸಪ್ಪಳ ಕೇಳಿದ ಕೂಡಲೇ ನಾ ಮಾತು ಜೋಡಿಸಿಕೊಂತೀನಿ. ನೀವು ಹಾಲಿನ ಪಾಕೀಟು ಹಿಡಕೊಂಡು ಎದುರಿಗೆ ಬರೂದರಾಗ ಒಂದೂ ಉಳದಿರೂದಿಲ್ಲ. ನೀವು ದಾಟಿ ಹೋದ ಮ್ಯಾಲೆ ಎಲ್ಲಾ ತಿರುಗಿ ಬರ್ತಾವ. ಹಂಗ ಬಂದ ಮಾತು ಎಲ್ಲೆ ಇಡಲಿ? ಮಂದಿ ನನ್ನ ಮೂಕ ಅಂತಾರ. ಅನ್ನಲಿ. ನೀವು ಒಮ್ಮೆ ನಿಂತು, ಏನರ ಹೇಳೂದಿತ್ತೇನು ಅಂತ ಕೇಳಿದ್ದರ ಸಾಕಾಗಿತ್ತು."

ಯಾವ ರಾಜಕುಮಾರಿ ಹಾಲಿನ ಪಾಕೀಟು ತರುತ್ತಾಳೆ ಎಂದು ವೆಂಕಟೇಶ ಕೇಳಿದ. ಅರಮನೆ ಅಂದಮೇಲೆ ಹಾಲು ಬೇಡವೇನು ಎಂದು ಯಮುನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಲ್ಯಾಣಪ್ಪನವರು ಕನ್ನಡಕ ತೆಗೆದು ಸುಮ್ಮನೆ ಉಜ್ಜುತ್ತ ಕೂತರು. ಸುಭದ್ರಾ ತಟ್ಟನೆ ಎದ್ದು ಹೊರಗೆ ಹೋದಳು. ಅವಳ ಕಣ್ಣು ತುಂಬಿದ್ದನ್ನು ದತ್ತಾತ್ರೇಯ ಸ್ಪಷ್ಟವಾಗಿ ಕಂಡ.

ತಿಳಿಯಿತು ಅವಳಿಗೆ. ಸ್ಟೂಲು ಬೀಳಿಸಿ, ಅಳಿಯನ ಚಹಾ ಚೆಲ್ಲಿ, ಯಾರದೋ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಓಡಿದ.

ಸುಭದ್ರಾ ಮೆಟ್ಟಿಲ ನಡುವೆ ನಿಂತಿದ್ದಳು. ಹೋಗದೆ ನಿಂತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು," ಎಂದಳು. "ಅವರು ಆವತ್ತು ಒಂದು ಮಾತೂ ಆಡ್ಲಿಲ್ಲ ಅಂತ ಬೇಡ ಅಂದುಬಿಟ್ಟಿದ್ದೆ. ಆಡದೇ ಇರೋವ್ರ ಒಳಗೆ ಇಷ್ಟೊಂದು ಇರುತ್ತೆ ಅಂತ ನಂಗೆಲ್ಲಿ ಗೊತ್ತಿತ್ತು. ಪಾಪ, ಅವರನ್ನ ಬಾಗಿಲಲ್ಲೇ ನಿಲ್ಲಿಸಿದೀನಿ. ಅಣ್ಣಂಗೆ ಹೂಂ ಅನ್ನೋಕೆ ಹೊರಟೆ."

ದತ್ತಾತ್ರೇಯನ ತುಟಿ ಅಲುಗಿತು. "ಸುಭದ್ರಾ ಅವರ... ನಾನೂ..."

"ನಿಮಗೇನು ಬಿಡಿ, ಪುಣ್ಯವಂತರು," ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. "ಮನಸ್ಸಲ್ಲಿ ಇದ್ದಿದ್ದನ್ನ ಹತ್ತು ಜನರ ಮುಂದೆ ಪಟಪಟ ಅಂತ ಹೇಳ್ತೀರ. ಅಂಥವರ ಸಂಕಟ ನಿಮಗೆ ಹೇಗೆ ತಿಳೀಬೇಕು?"

ಎರಡು ಮೆಟ್ಟಿಲು ಹತ್ತಿದವಳು ತಿರುಗಿದಳು. ರಾಮದಾಸ ಮತ್ತೆ ಮನೆಗೆ ಬರುತ್ತಾರೆ, ಆವತ್ತಿನ ಹಾಗೇ ಮೌನವಾಗಿ ಕೂತರೆ ಅತ್ತಿಗೆ ತಪ್ಪು ತಿಳಿಯುತ್ತಾರೆ ಎಂದಳು. "ನೀವೂ ಬನ್ನಿ. ಅವರ ಪಕ್ಕದಲ್ಲಿ ಕೂತು, ಅವರ ಮನಸ್ಸಲ್ಲಿ ಏನಿದೆ ಅಂತ ನಮಗೆ ಸ್ವಲ್ಪ ಹೇಳ್ತಾ ಇರಿ."

ಆಗಲಿ, ಎಂದ ದತ್ತಾತ್ರೇಯ. ಅದೊಂದು ಮಾತನ್ನು ಅವನು ಯಾರ ಬಾಯಿಂದಲೂ ಆಡಿಸಲಿಲ್ಲ. ತಾನೇ ಆಡಿದ.