ಮೊದಲು ಮಾವ, ಆಮೇಲೆ ನಾಯಿ

ನಾಯಿ ಊಟದ ರುಚಿ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? "ಹೋಗಿ ನಾಯಿಯನ್ನೇ ಕೇಳು" ಅನ್ನುತ್ತೀರಿ, ಅಲ್ಲವೆ? ನಮಗೆ ಆ ತೊಂದರೆ ಇರಲಿಲ್ಲ. ನನ್ನ ಸೋದರಮಾವನನ್ನು ಕೇಳಿದರೆ ಸಾಕಿತ್ತು. ಡಬ್ಬಿಯಲ್ಲಿ ಬರುವ ನಾಯಿ ಊಟ, ಬಿಸಿಲಲ್ಲಿ ಒಣಗಿಸಿದ ಮೇಕೆ ಕಿವಿ, ಉಪ್ಪಿಲ್ಲದ ಕುಂಬಳಕಾಯಿ ಅನ್ನ, ಯಾವುದನ್ನೇ ಕೇಳಿ, ಸ್ವಂತ ನಾಲಿಗೆಯ ಅನುಭವದಿಂದ ಹೇಳುತ್ತಿದ್ದರು! ನಾಯಿ ಊಟ ತಿನ್ನುವಂಥ ಬಡತನವೇನೂ ಅವರಿಗಿರಲಿಲ್ಲ. ವನಗೂರಿನ ಕಡೆ ಹನ್ನೆರಡು ಎಕರೆ ಕಾಫಿ ತೋಟ, ಒಂದು ಹಳೆಯ ಜೀಪು, ಎದುರು ಮಾತಾಡಬಲ್ಲ ಹೆಂಡತಿ, ಎಲ್ಲ ಇತ್ತು. ತಲೆಯೂ ಸರಿಯಾಗೇ ಇತ್ತು. ಅತ್ತೆಯ ಪ್ರಕಾರ ಕೆಟ್ಟಿದ್ದದ್ದು ನಾಲಿಗೆ ಮಾತ್ರ.

ಅದೇನು ಸಾಮಾನ್ಯ ನಾಲಿಗೆಯೇ? ಮಾವ ಹಾಸನದಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತು ವರ್ಷ ಕಾಫಿಯ ರುಚಿ ನೋಡುವ ಟೇಸ್ಟರ್ ಆಗಿದ್ದವರು. ಮೇಜಿನ ಮೇಲೆ ಸಾಲಾಗಿ ಲೋಟ ಇಟ್ಟಿರುತ್ತಾರೆ. ಒಂದೊಂದರಲ್ಲೂ ಒಂದೊಂದು ತೋಟದ ಕಾಫಿ. ಹಾಲಿಲ್ಲ, ಸಕ್ಕರೆಯಿಲ್ಲ. ಚಮಚದಲ್ಲಿ ತೆಗೆದು ಬೀದಿಗೆಲ್ಲ ಕೇಳುವ ಹಾಗೆ 'ಸೊರ್ರ್' ಅಂತ ಎಳೆಯಬೇಕು, ಕಣ್ಣು ಮುಚ್ಚಿ ಬಾಯೊಳಗೆ ಹೊರಳಾಡಿಸಬೇಕು, ಪಕ್ಕದ ಪೀಕದಾನಿಗೆ 'ಥೂ' ಅಂತ ಉಗುಳಬೇಕು, ಆಮೇಲೆ ತೀರ್ಪು ಕೊಡಬೇಕು. ನುಂಗುವ ಹಾಗೇ ಇಲ್ಲ! ದಿನಕ್ಕೆ ನೂರು ಲೋಟ ನುಂಗಿದರೆ ಆ ಮನುಷ್ಯ ಉಳಿಯುತ್ತಾನೆಯೆ? ರಿಟೈರಾದ ದಿನ ಶಾಲು ಹೊದಿಸಿ, "ನೆನಪಿಗೆ ಏನಾದ್ರೂ ಬೇಕಾ ಸಾರ್?" ಎಂದು ಕೇಳಿದ್ದಕ್ಕೆ ಮಾವ ಪೀಕದಾನಿಯನ್ನೇ ಕೇಳಿ ತಂದರು. ಶಾಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಪೀಕದಾನಿ ಮಾತ್ರ ಊಟದ ಮನೆಗೇ ಬಂತು.

ಊಟಕ್ಕೆ ಕೂತರೂ ಅದೇ ಕಥೆ. ಅತ್ತೆ ಸಾರು ಬಡಿಸಿದರೆ ಮೊದಲ ಚಮಚ 'ಸೊರ್ರ್', ಆಮೇಲೆ 'ಥೂ'. "ಬಾಡಿ ಪರವಾಗಿಲ್ಲ. ಹುಣಸೆ ಒಂಚೂರು ಮುಂದೆ ಐತೆ. ಕೊನೇಲಿ ಹೊಗೆ." ಬಾಡಿ ಅಂದರೆ ಟೇಸ್ಟರ್ ಭಾಷೆಯಲ್ಲಿ ಗಟ್ಟಿತನ. ಹೀಗೆಂದು ಮೂರು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು, ಆ ಮಾತು ಬೇರೆ! ನಾಲಿಗೆ ಮಂಕಾಗುತ್ತದೆಂದು ಬೆಳ್ಳುಳ್ಳಿ ಹೊಸಲು ದಾಟುವ ಹಾಗಿರಲಿಲ್ಲ. ಇನ್ನು ರುಚಿಯ ವಿಷಯದಲ್ಲಿ ಸುಳ್ಳು? ತಲೆ ಹೋದರೂ ಇಲ್ಲ. ಆನೇಮಹಲಿನಲ್ಲಿ ನೆಂಟರ ಮದುವೆ. ಹೆಣ್ಣಿನ ತಂದೆ ಪಂಕ್ತಿಯಲ್ಲಿ ಬಗ್ಗಿ, ಕೈ ಮುಗಿದು, "ಪಾಯಸ ಹೆಂಗೈತೆ ಭಾವ?" ಅಂದರು. ಇದಕ್ಕೆ ಉತ್ತರ ಹುಟ್ಟಿದ ಮಗುವಿಗೂ ಗೊತ್ತು. ಮಾವ ಕಣ್ಣು ಮುಚ್ಚಿ, ಯೋಚಿಸಿ, ಕೆಟ್ಟ ಕಾಫಿಗೆ ಹೇಳುವ ಹಾಗೆ "ಫೌಲ್" ಅಂದರು. "ತಳ ಹಿಡಿದೈತೆ. ಮೇಲೆ ಏಲಕ್ಕಿ ಸುರಿದು ಮುಚ್ಚಿದೀರಿ." ಅಲ್ಲಿಂದ ಮುಂದೆ ಆ ಮನೆಯ ಲಗ್ನಪತ್ರಿಕೆ ಅತ್ತೆಯ ಹೆಸರಿಗೆ ಮಾತ್ರ ಬರುತ್ತಿತ್ತು.

ಇಂಥ ಮನೆಯ ನಾಯಿಗೆ ಪೀಬೆರಿ ಎಂದು ಹೆಸರು. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ ಇರುತ್ತವೆ. ಎಲ್ಲೋ ಒಂದೊಂದು ಹಣ್ಣಿನಲ್ಲಿ ಒಂದೇ ಒಂದು ಗುಂಡು ಬೀಜ ಇರುತ್ತದೆ, ಅದಕ್ಕೆ ಪೀಬೆರಿ ಅನ್ನುತ್ತಾರೆ. ಇದರ ತಾಯಿ ಒಂದೇ ಮರಿ ಹಾಕಿತ್ತಂತೆ, ಅದಕ್ಕೆ ಈ ನಾಮಕರಣ. ಜಾತಿ ಯಾವುದು ಎಂದು ಮಾತ್ರ ಕೇಳಬೇಡಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದ್ದು. ಹನ್ನೊಂದು ವರ್ಷ ಹಿತ್ತಲಲ್ಲಿ ಅತ್ತೆ ಹಾಕಿದ ಮುದ್ದೆ ಸಾರು ತಿಂದು, ದಿನವೆಲ್ಲ ಮಾವನ ಹಿಂದೆ ಸುತ್ತುತ್ತಿತ್ತು. ಅದಕ್ಕೆ ಮಾವನ ಮುಖವೇ ಪಂಚಾಂಗ! ಮಾವ ನಕ್ಕರೆ ಬಂದವರ ಕಾಲು ನೆಕ್ಕುತ್ತಿತ್ತು. ಮಾವ ಮುಖ ಗಂಟಿಕ್ಕಿದರೆ, ಬಂದವರು ಸ್ವಂತ ಬೀಗರಾಗಿದ್ದರೂ ಬೊಗಳುತ್ತಿತ್ತು.

ಎರಡು ಸಾವಿರದ ಮೂರನೆಯ ಇಸವಿ ಇರಬೇಕು, ಕಾಫಿ ಕೊಯ್ಲಿನ ದಿನಗಳು. ಪೀಬೆರಿಗೆ ಉಣ್ಣೆಹುಳು ಕಚ್ಚಿ ಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಊಟ ನಿಂತುಹೋಯಿತು. ಒಂದಿಷ್ಟು ಗಂಜಿ ತಿಳಿ ನೆಕ್ಕುವುದು, ಒಳಗೆ ನಡುಮನೆಯ ಗೋಡೆ ಪಕ್ಕ ಮಲಗುವುದು, ಅಷ್ಟೆ. ಸಕಲೇಶಪುರದಿಂದ ದನದ ಡಾಕ್ಟರನ್ನು ಜೀಪಿನಲ್ಲಿ ಕರೆತಂದರು. ಅವರು ಬಾಯಿ ಬಿಡಿಸಿ, ಹೊಟ್ಟೆ ಮುಟ್ಟಿ ನೋಡಿ, "ನನ್ನ ಔಷಧಿ ಕೆಲಸ ಮುಗೀತು ಸಾರ್. ಇನ್ನು ತಿಂದ್ರೆ ಬದುಕ್ತದೆ. ಬರೀ ಗಂಜಿ ತಿಳೀಲಿ ಬಹಳ ದಿನ ತಳ್ಳಲ್ಲ. ಮೆತ್ತಗಿರೋದು, ಘಮ ಇರೋದು ಏನಾದ್ರೂ ಕೊಟ್ಟು ನೋಡಿ. ಉಪ್ಪು, ಖಾರ ಮಾತ್ರ ಬೇಡ" ಎಂದರು.

ಮಾವನ ಮುಖ ಸುಣ್ಣದ ಹಾಗಾಯಿತು. ಎದ್ದು ನಿಂತು, "ಇವತ್ತಿಂದ ಇದರ ಊಟ ನನ್ನ ಡಿಪಾರ್ಟ್‌ಮೆಂಟು. ನಾನು ಟೇಸ್ಟ್ ಮಾಡ್ದೆ ಒಂದು ಅಗುಳೂ ಇದರ ಬಾಯಿಗೆ ಹೋಗಕೂಡದು!" ಎಂದು ಘೋಷಿಸಿದರು.

ಅತ್ತೆ ನನ್ನ ಕಡೆ ತಿರುಗಿ, "ಮುಗೀತು ಕಣೇ. ಇಷ್ಟು ದಿನ ಪಾಪ ಅದಕ್ಕೆ ಜ್ವರ ಒಂದೇ ಇತ್ತು" ಅಂದರು.

ನಾನು ಆಗ ಸಕಲೇಶಪುರದಲ್ಲಿ ಹೈಸ್ಕೂಲ್ ಟೀಚರ್. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ, ನನ್ನನ್ನು ಭಾನುವಾರಕ್ಕೆ ತೋಟದ ಮನೆಗೆ ಕರೆದೊಯ್ಯಲು ಗೇಟಿನ ಹೊರಗೆ ಮಾವನ ಜೀಪು ನಿಂತಿರುತ್ತಿತ್ತು. ಮೊದಲ ಶನಿವಾರ ನೇರ ಮಟನ್ ಅಂಗಡಿಗೇ ಹೋಯಿತು. ನಾಯಿಗೆ ಪ್ರಕೃತಿ ಕೊಟ್ಟ ತಿಂಡಿಯೇ ಒಳ್ಳೆಯದು, ಬಿಸ್ಕತ್ತೆಲ್ಲ ಬರೀ ಮೈದಾ ಹಿಟ್ಟು ಎಂದು ದಾರಿಯುದ್ದಕ್ಕೂ ನನಗೆ ಪಾಠ.

"ಮೇಕೆ ಕಿವಿ ಎಷ್ಟವೆ?" ಎಂದು ಮಾವ ಕೇಳಿದರು.

ಅಂಗಡಿಯವನ ಕತ್ತಿ ಅರ್ಧದಲ್ಲೇ ನಿಂತಿತು. "ಕಿವಿನಾ? ಕಿವಿ ಯಾರು ತಿಂತಾರೆ ಸಾರ್?"

"ಮೊದ್ಲು ನಾನು. ಆಮೇಲೆ ನಮ್ಮ ನಾಯಿ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ರಸ್ತೆಯಾಚೆಗಿನ ಬೋರ್ಡು ಓದತೊಡಗಿದೆ. ನನ್ನ ಇಬ್ಬರು ವಿದ್ಯಾರ್ಥಿನಿಯರ ತಾಯಂದಿರು ಅಲ್ಲೇ ಸಾಲಿನಲ್ಲಿ ನಿಂತಿದ್ದರು, ನಮಸ್ಕಾರ ಬೇರೆ ಮಾಡಿದರು!

ಕಿವಿ, ಲಿವರ್ ಚೂರು, ಗೆಣಸು, ಎಲ್ಲವನ್ನೂ ಒಣಗಿಸಬೇಕಲ್ಲ? ಒಳ್ಳೆಯ ಬಿಸಿಲು ಬೀಳುವ ಜಾಗ ಕಾಫಿ ಕಣ ಒಂದೇ. ಒಂದು ಕಡೆ ಕಾಫಿ ಬೀಜ ಹರಡಿತ್ತು, ಅದರ ಪಕ್ಕ ಚಾಪೆಯ ಮೇಲೆ ಮೇಕೆ ಕಿವಿಗಳ ಸಾಲು. ಪ್ರತಿ ಸಾಲಿಗೂ ನಂಬರ್ ಚೀಟಿ! ಹದ್ದುಗಳನ್ನು ಓಡಿಸಲು ಮಾವ ಕೊಡೆ ಹಿಡಿದು ಕುರ್ಚಿ ಹಾಕಿಕೊಂಡು ಕೂತರು. ಈ ಮನುಷ್ಯ ಮೂವತ್ತು ವರ್ಷ ಬೆಳೆಗಾರರಿಗೆಲ್ಲ ಏನು ಬೋಧಿಸಿದ್ದರು ಗೊತ್ತೆ? ಕಾಫಿ ಬೀಜ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಅದರ ಹತ್ತಿರ ಒಣಮೀನು ಕೂಡ ಸುಳಿಯಬಾರದು ಎಂದು! ನಾಯಿಯ ಚಿಂತೆಯಲ್ಲಿ ಆ ಪಾಠ ಮಾಸ್ತರಿಗೇ ಮರೆತುಹೋಗಿತ್ತು.

ಐದಾರು ದಿನಕ್ಕೆ ಕಾಫಿ ವ್ಯಾಪಾರಿ ಬಂದ. ಒಂದು ಹಿಡಿ ಬೀಜ ಮೂಗಿಗೆ ಹಿಡಿದು, ಮತ್ತೆ ಹಿಡಿದು, "ಬೇಜಾರು ಮಾಡ್ಕಬ್ಯಾಡಿ ಗೌಡ್ರೇ. ಕಣ್ಣು ಮುಚ್ಚಿ ಮೂಸಿದ್ರೆ ಎದುರಿಗೆ ಮೇಕೆ ನಿಂತಂಗಾಯ್ತದೆ" ಅಂದ. ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಮಾವ ತಾವೂ ಒಂದು ಹಿಡಿ ತೆಗೆದುಕೊಂಡು ಮೂಸಿದರು. ಕಣ್ಣು ಮುಚ್ಚಿದರು. "ಫೌಲ್" ಅಂದರು. ಸ್ವಂತ ತೋಟದ, ಸ್ವಂತ ಕಣದ ಕಾಫಿಗೆ! "ಇದನ್ನ ನಿಮಗೆ ಕೊಡೋ ಹಂಗಿಲ್ಲ, ಹೋಗಿ ಬನ್ನಿ" ಎಂದು ವ್ಯಾಪಾರಿಯನ್ನೇ ಸಮಾಧಾನ ಮಾಡಿ ಕಳಿಸಿದರು.

ಹೋಗಲಿ, ಕಿವಿಯನ್ನಾದರೂ ನಾಯಿ ತಿಂದಿತೇ? ಮಾವ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ತುದಿ ಕಚ್ಚಿ ಅಗಿದು, ಪೀಕದಾನಿಗೆ ಉಗುಳಿ, "ಫೇರ್ ಆವರೇಜ್" ಎಂದು ಉಳಿದ ಕಿವಿ ನೀಡಿದರು. ಪೀಬೆರಿ ಮಾವನನ್ನು ನೋಡಿತು, ಪೀಕದಾನಿಯನ್ನು ನೋಡಿತು, ಮುಖ ಗೋಡೆಯ ಕಡೆ ತಿರುಗಿಸಿತು.

ಆಮೇಲೆ ಬಂತು ಡಬ್ಬಿ ಊಟ. ಪಕ್ಕದ ದೊಡ್ಡ ಎಸ್ಟೇಟಿನ ಅಮ್ಮಾವ್ರು, ಪಾಪ, ಸುದ್ದಿ ತಿಳಿದು ತಮ್ಮ ನಾಯಿಗೆಂದು ತರಿಸಿದ್ದ ಎರಡು ಡಬ್ಬಿ ಕಳಿಸಿಕೊಟ್ಟರು. ಡಬ್ಬಿಯ ಮೇಲೆ ನಗುವ ನಾಯಿಯ ಚಿತ್ರ. ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು, "ಮೀನಿನ ಡಬ್ಬಿ ಮೇಲೆ ಮೀನು ಬರೆದಿರ್ತಾರೆ. ಇದರ ಮೇಲೆ ನಾಯಿ ಯಾಕ್ರೀ ಐತೆ?" ಎಂದರು. ಅದು ನಾಯಿಗೆ ಮಾಡಿದ್ದು, ನಾಯಿಯಿಂದ ಮಾಡಿದ್ದಲ್ಲ ಎಂದು ಒಪ್ಪಿಸಲು ನನಗೆ ಅರ್ಧ ಗಂಟೆ ಬೇಕಾಯಿತು.

ಮಾವ ಡಬ್ಬಿ ಕೊರೆದು ಚಮಚ ಹಾಕಿದರು. 'ಸೊರ್ರ್!' ಕಣ್ಣು ಮುಚ್ಚಿ ಹೊರಳಾಡಿಸಿದರು. 'ಥೂ!' ಆಮೇಲೆ ಗಂಭೀರವಾಗಿ, "ಬಾಡಿ ಗಟ್ಟಿಯಾಗೈತೆ. ಆಸಿಡಿಟಿ ಇಲ್ಲ, ಹುಳೀನೇ ಇಲ್ಲ. ಕೊನೇಲಿ ತಗಡು ಬರ್ತದೆ. ಆದ್ರೂ ನಿನ್ನೆ ಸಾರಿಗಿಂತ ಬ್ಯಾಲೆನ್ಸ್ ವಾಸಿ" ಎಂದರು.

"ಹಂಗಾದ್ರೆ ಇನ್ನೊಂದು ಡಬ್ಬಿ ನಿಮಗೇ ಇಡ್ತೀನಿ, ರೊಟ್ಟಿ ಜೊತೆ ತಿನ್ನಿ" ಎಂದು ಅತ್ತೆ ಸೌಟು ಕುಕ್ಕಿದರು.

ಪೀಬೆರಿ ಇದಕ್ಕೂ ಮೂಗು ತಿರುಗಿಸಿತು. ಮನೆಯ ಬೆಕ್ಕು ಬಂದು ಆ ಡಬ್ಬಿ ಖಾಲಿ ಮಾಡಿ, ಎರಡು ದಿನ ನಮ್ಮ ಮನೆ ಹಾಲನ್ನು ಮೂಸಲಿಲ್ಲ!

ನಗುತ್ತ ಹೇಳುತ್ತಿದ್ದೇನೆ, ಆದರೆ ಆ ಹೊತ್ತಿಗೆ ನಗು ಯಾರಿಗೂ ಬರುತ್ತಿರಲಿಲ್ಲ. ನಾಯಿಯ ಪಕ್ಕೆಲುಬು ಎಣಿಸುವ ಹಾಗಾಗಿತ್ತು. ಮಾವ ಜೀಪ್ ಸ್ಟಾರ್ಟ್ ಮಾಡಿದರೂ ಅದು ತಲೆ ಎತ್ತುತ್ತಿರಲಿಲ್ಲ. ಮಾವ ಮೊಟ್ಟೆ ತಂದರು, ಹೊಳೆಮೀನು ತಂದರು, ಹಲಸಿನ ಬೀಜ ಸುಟ್ಟು ಅರೆದರು. ಎಲ್ಲವನ್ನೂ ರುಚಿ ನೋಡಿದರು, ಉಗುಳಿದರು, ನೀಡಿದರು. ಅದು ಒಂದನ್ನೂ ಮುಟ್ಟಲಿಲ್ಲ. "ಎಲ್ಲಿ ತಪ್ಪಾಗ್ತೈತೆ ಅಂತ ಗೊತ್ತಾಗ್ತಿಲ್ಲ ಕಣವ್ವಾ. ಇದು ನನ್ನ ಕೈ ತಪ್ಪಿ ಹೋಗ್ಬುಡ್ತದೆ" ಎಂದು ನನ್ನ ಮುಂದೆ ಕಣ್ಣು ತುಂಬಿಕೊಂಡರು. ನನಗೆ ಅವರನ್ನು ನೋಡಲಾಗಲಿಲ್ಲ.

ಮರುದಿನ ಭಾನುವಾರ. ಅತ್ತೆ ಸಿಹಿಗುಂಬಳ, ಲಿವರ್, ಅಕ್ಕಿ ಒಟ್ಟಿಗೆ ಬೇಯಿಸಿ ಮೆತ್ತಗೆ ಹಿಸುಕಿ ತಂದಿಟ್ಟರು. ಮಾವ ಚಮಚ ತೆಗೆದರು. 'ಸೊರ್ರ್.' ಕಣ್ಣು ಮುಚ್ಚಿದರು. 'ಥೂ.'

"ಸಾಕು ನಿಲ್ಲಿಸ್ರೀ!"

ಅತ್ತೆ ಹಾಗೆ ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾಯಿಯೂ ಕಣ್ಣು ಬಿಟ್ಟಿತು.

"ಅದು ನಿಮ್ಮ ಮುಖಾನೇ ನೋಡ್ತಾ ಮಲಗೈತೆ. ಯಜಮಾನ ಬಾಯಿಗಿಟ್ಟು ಥೂ ಅಂತ ಉಗುಳ್ತಾನೆ, ಅದು ಏನು ಅಂದ್ಕಬೇಕು? ವಿಷ ಅಂದ್ಕಳ್ತದೆ! ನೀವು ಉಗುಳೋದು ನೋಡಿದ್ರೆ ನಾನು ಮಾಡಿದ ಅಡಿಗೆ ನಂಗೇ ಗಂಟಲಲ್ಲಿ ಇಳಿಯಲ್ಲ. ಅದು ಪಾಪ ನಾಯಿ."

ಮಾವ ಚಮಚ ಕೆಳಗಿಟ್ಟರು. ಇಷ್ಟು ದಿನ ನಾವು ಮೂವರೂ ಅದೇ ಕೋಣೆಯಲ್ಲಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲವಲ್ಲ! ಅತ್ತೆ ಪೀಕದಾನಿ ಎತ್ತಿಕೊಂಡು ಹೋಗಿ ಅಂಗಳದಾಚೆ ಇಟ್ಟು ಬಂದರು.

"ಹಂಗಾದ್ರೆ... ನುಂಗೋದಾ?"

"ನುಂಗಿ."

ಮಾವ ಕೈಯಲ್ಲೇ ಒಂದು ತುತ್ತು ತೆಗೆದುಕೊಂಡು, ಅಗಿದು, ಕಷ್ಟಪಟ್ಟು ನುಂಗಿದರು. ಪೀಬೆರಿ ತಲೆ ಎತ್ತಿತು, ಆದರೆ ಬಾಯಿ ಬಿಡಲಿಲ್ಲ.

"ಮುಖ ಹರಳೆಣ್ಣೆ ಕುಡಿದಂಗೆ ಮಾಡಿದ್ರೆ ಹೆಂಗೆ? ಚೆನ್ನಾಗೈತೆ ಅನ್ನಿ."

"ಚೆನ್ನಾಗಿಲ್ವಲ್ಲೇ! ಉಪ್ಪಿಲ್ಲ, ಖಾರ ಇಲ್ಲ. ಇಲ್ಲದ್ದನ್ನ ಐತೆ ಅಂತ ಹೆಂಗೆ ಅನ್ನಲಿ?"

ಅತ್ತೆ ನಾಯಿಯ ಕಡೆ ಕೈ ತೋರಿಸಿದರು, ಅಷ್ಟೆ.

ಮಾವ ಅದನ್ನು ನೋಡಿದರು. ಇನ್ನೊಂದು ತುತ್ತು ಬಾಯಿಗಿಟ್ಟರು. ಚಪ್ಪರಿಸಿದರು! "ಆಹಾ" ಅಂದರು. "ಬೋ ಚೆನ್ನಾಗೈತೆ ಕಣೋ ಪೀಬೆರಿ. ಇಂಥ ಊಟ ಜನ್ಮದಲ್ಲೇ ಉಂಡಿಲ್ಲ ಕಣೋ. ಏನು ಕೈರುಚಿ ಮಾರಾಯ, ಅಮೃತ, ಅಮೃತ!"

ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಪೀಬೆರಿ ಕತ್ತು ಚಾಚಿ ಮಾವನ ಅಂಗೈ ಮೂಸಿತು, ನೆಕ್ಕಿತು, ಅಂಗೈಯಲ್ಲಿದ್ದ ತುತ್ತನ್ನು ತಿಂದುಬಿಟ್ಟಿತು! ಮಾವನ ಕಣ್ಣಿಂದ ದಳದಳ ನೀರು. ಅದಕ್ಕೊಂದು ತುತ್ತು, ತಮಗೊಂದು ತುತ್ತು. ಬಾಯಿ ಮಾತ್ರ ನಿಲ್ಲಲೇ ಇಲ್ಲ. "ಎಂಥಾ ಹದ ನೋಡು. ಎಷ್ಟು ಅಕ್ಕರೆಯಿಂದ ಬೇಯಿಸವ್ಳೆ ನೋಡು. ಈ ಮನೇಲಿ ಹುಟ್ಟೋಕೆ ಪುಣ್ಯ ಮಾಡಿದ್ದೆ ಕಣೋ ನೀನು."

ನಾನು ಚಪ್ಪಾಳೆ ತಟ್ಟುತ್ತ ಹಿಂದೆ ತಿರುಗಿದರೆ ಅತ್ತೆ ಇಲ್ಲ. ಅಡಿಗೆಮನೆಗೆ ಓಡಿದೆ. ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಯಾಕತ್ತೆ? ತಿಂತಾ ಐತಲ್ಲ, ಬದುಕ್ತು ಬಿಡಿ!"

ಆಚೆಯಿಂದ ಮಾವ, "ಇನ್ನೊಂಚೂರು ತಗಂಬಾರೇ, ಸಾಲ್ದು!" ಎಂದು ಕೂಗಿದರು. ಅತ್ತೆ ಪಾತ್ರೆ ಎತ್ತಿಕೊಂಡರು.

"ನಾಯಿಗೆ ಹೇಳಿದ್ದು ಅಂತ ಗೊತ್ತು ಕಣೇ" ಅಂದರು. "ಅದೂ ಸುಳ್ಳು ಅಂತಲೂ ಗೊತ್ತು. ಮದ್ವೆಯಾಗಿ ಮೂವತ್ನಾಲ್ಕು ವರ್ಷಕ್ಕೆ ಆದ್ರೂ 'ಚೆನ್ನಾಗೈತೆ' ಅನ್ನೋದನ್ನ ನಾನು ಕೇಳಿಸ್ಕಂಡ್ನಲ್ಲ."