ವಜಾ, ಅಮಾನತು, ನಿಧನ

ಪತ್ರಿಕೆ ಕಚೇರಿಯಲ್ಲಿ ಮೂರು ಬಗೆಯ ಸುದ್ದಿಗೆ ಎಂದೂ ಕೊರತೆಯಾಗುವುದಿಲ್ಲ. ದಿನ ಬೆಳಗಾದರೆ ಯಾರನ್ನೋ ತೆಗೆದುಹಾಕಿರುತ್ತಾರೆ, ಯಾರೋ ಸಿಕ್ಕಿಬಿದ್ದಿರುತ್ತಾರೆ, ಇಲ್ಲವೇ ಯಾರೋ ತೀರಿಕೊಂಡಿರುತ್ತಾರೆ. ತೊಂಬತ್ತರ ದಶಕದಲ್ಲಿ ನಾನು ಮೈಸೂರಿನ ಒಂದು ಸಣ್ಣ ದಿನಪತ್ರಿಕೆಗೆ ವರದಿಗಾರ್ತಿಯಾಗಿ ಸೇರಿದಾಗ ರಾಜಕೀಯ, ಪೊಲೀಸು, ದಸರಾ ಎಲ್ಲವನ್ನೂ ಹಿರಿಯರು ಹಂಚಿಕೊಂಡುಬಿಟ್ಟಿದ್ದರು. ಮಿಕ್ಕಿದ್ದು ನನ್ನ ಪಾಲಿಗೆ ಬಂತು. ಸಂಪಾದಕರು ಕರೆದು ಹೇಳಿದರು: "ನೋಡಮ್ಮ, ವಜಾ, ಅಮಾನತು, ನಿಧನ. ಈ ಮೂರರಲ್ಲಿ ಮಾತ್ರ ಹೆಸರು ತಪ್ಪಬಾರದು."

ಹೆಸರು ಸರಿಯಾಗಿದ್ದೂ ಮಿಕ್ಕಿದ್ದೆಲ್ಲ ಹೇಗೆ ತಲೆಕೆಳಗಾಗಬಹುದು ಅನ್ನುವುದನ್ನು ನಾನು ಆಮೇಲೆ ಕಂಡುಕೊಂಡೆ.

ಡ್ರಿಲ್ ಮೇಷ್ಟ್ರ ವಜಾ

ನಗರದ ಒಂದು ಕಬಡ್ಡಿ ಕ್ಲಬ್ಬು ಆ ವರ್ಷ ಆಡಿದ ಪಂದ್ಯವನ್ನೆಲ್ಲ ಸೋತಿತ್ತು. ಅದರ ಕೋಚು ನಿವೃತ್ತ ಡ್ರಿಲ್ ಮೇಷ್ಟ್ರು. ಬಿಳಿ ಪ್ಯಾಂಟು, ಬಿಳಿ ಷರ್ಟು, ಕೊರಳಲ್ಲಿ ಸೀಟಿ. ಎಪ್ಪತ್ತು ದಾಟಿದ್ದರೂ ಬೆನ್ನು ಕೋಲಿನ ಹಾಗೆ ನೆಟ್ಟಗಿತ್ತು.

ಒಂದು ಮಧ್ಯಾಹ್ನ ಕ್ಲಬ್ಬಿನ ಕಾರ್ಯದರ್ಶಿ ನಮ್ಮ ಕಚೇರಿಗೆ ಬಂದು, ಮೇಷ್ಟ್ರನ್ನು ಕೋಚ್ ಕೆಲಸದಿಂದ ತೆಗೆದಿದ್ದೇವೆ, ಸುದ್ದಿ ಹಾಕಿ ಅಂದರು. ಅವರ ಪ್ರತಿಕ್ರಿಯೆ ಏನು ಎಂದು ಕೇಳಿದೆ. ಕಾರ್ಯದರ್ಶಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅವರಿಗೆ ಇನ್ನೂ ಹೇಳಿಲ್ಲ ಕಣಮ್ಮ. ಕಮಿಟೀಲಿರೋ ನಾವೆಲ್ಲ ಸ್ಕೂಲಲ್ಲಿ ಅವರ ಹತ್ರ ಏಟು ತಿಂದೋರು. ಯಾರು ಹೇಳ್ತಾರೆ? ನೀವು ಹಾಕಿಬಿಡಿ, ಅವರೇ ಓದ್ಕೋತಾರೆ."

ಹಾಕಿದೆವು. ಆದರೆ ಮೇಷ್ಟ್ರ ಮನೆಗೆ ಬರುತ್ತಿದ್ದದ್ದು ಇನ್ನೊಂದು ಪತ್ರಿಕೆ.

ಮಾರನೇ ಬೆಳಿಗ್ಗೆ ಹೊಸ ಕೋಚಿನ ಫೋಟೋ ತೆಗೆಸಲು ನಾನು ಮೈದಾನಕ್ಕೆ ಹೋದೆ. ಮೇಷ್ಟ್ರು ಎಂದಿನಂತೆ ನಡುವೆ ನಿಂತು ಸೀಟಿ ಊದುತ್ತಿದ್ದರು. ಕಮಿಟಿಯವರೆಲ್ಲ ದೂರದಲ್ಲಿ ಒಂದು ಹೊಂಗೆ ಮರದ ಮರೆಗೆ ನಿಂತಿದ್ದರು. ಅಷ್ಟರಲ್ಲಿ ಹೊಸ ಕೋಚು ಬಂದ. ತರಬೇತಿ ಮುಗಿಸಿಕೊಂಡು ಬಂದಿದ್ದ ಚುರುಕಾದ ಯುವಕ. ಹೊಸ ಟ್ರ್ಯಾಕ್ ಸೂಟು, ಹೊಸ ಬೂಟು. ನಮಸ್ಕಾರ ಮಾಡಿ, "ಸಾರ್, ನಾನು ಇವತ್ತಿಂದ..." ಅನ್ನುವಷ್ಟರಲ್ಲಿ ಮೇಷ್ಟ್ರು ಗಡಿಯಾರ ನೋಡಿಕೊಂಡರು.

"ಇವತ್ತಿಂದ ಅಂದ್ರೆ ಇವತ್ತೇ ಲೇಟಾ? ನಾಲ್ಕು ರೌಂಡು. ಹೊರಡು."

ಆ ದನಿಯಲ್ಲಿ ಏನಿತ್ತೋ, ಅವನು ಬ್ಯಾಗು ಕೆಳಗಿಟ್ಟು ಓಡತೊಡಗಿದ.

ಕಾರ್ಯದರ್ಶಿ ಮರದ ಹಿಂದಿನಿಂದ ನನಗೆ ಕೈಸನ್ನೆ ಮಾಡುತ್ತಿದ್ದರು. ನೀವೇ ಹೇಳಿ, ನೀವೇ ಹೇಳಿ ಅಂತ. ಸರಿ, ಹೋಗಿ ಹೇಳಿದೆ. "ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಕೋಚ್ ಕೆಲಸದಿಂದ ತೆಗೆದಿದ್ದಾರಂತೆ. ನಿನ್ನೆ ಕಮಿಟಿಯವರೇ ಬಂದು ಹೇಳಿದ್ರು, ಇವತ್ತು ಪೇಪರಲ್ಲಿ ಬಂದಿದೆ."

ಮೇಷ್ಟ್ರ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಅವರು ಮರದ ಕಡೆ ತಿರುಗಿ, "ಬನ್ರೋ ಇಲ್ಲಿ" ಅಂದರು. ತಲೆ ನರೆತ ಗಂಡಸರು, ಒಬ್ಬರು ಬ್ಯಾಂಕಿನ ಮ್ಯಾನೇಜರು, ಒಬ್ಬರು ಬಟ್ಟೆ ಅಂಗಡಿ ಯಜಮಾನರು, ಎಲ್ಲ ಬಂದು ಎತ್ತರದ ಪ್ರಕಾರ ಸಾಲಾಗಿ ನಿಂತರು. ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ.

"ನನ್ನನ್ನ ತೆಗೆದೋರು ಯಾರು?"

ಕಾರ್ಯದರ್ಶಿ ನೆಲ ನೋಡುತ್ತ ಹೇಳಿದರು: "ಪೇಪರಿನೋರು ತಪ್ಪಾಗಿ ಹಾಕ್ಬಿಟ್ಟಿದ್ದಾರೆ ಸಾರ್."

ಮೇಷ್ಟ್ರು ನನ್ನನ್ನು ಕನಿಕರದಿಂದ ನೋಡಿದರು. ಹೊಸ ಕೋಚು ಇನ್ನೂ ಓಡುತ್ತಿದ್ದ.

ಆ ಋತುವೆಲ್ಲ ಅವನು ಆಟಗಾರರ ಜೊತೆಯಲ್ಲೇ ಓಡಿದನಂತೆ. ಮುಂದಿನ ವರ್ಷ ಮಂಡಿ ನೋವೆಂದು ಮೇಷ್ಟ್ರೇ ಬಿಟ್ಟರು. ಬಿಡುವಾಗ ಕಮಿಟಿಯವರನ್ನು ಕರೆಸಿ, "ಆ ಲೇಟಾಗಿ ಬಂದೋನು ಹೇಳಿದ ಮಾತು ಕೇಳ್ತಾನೆ. ನಿಮಗೆ ಬುದ್ಧಿ ಇದ್ರೆ ಅವನನ್ನೇ ಕೋಚ್ ಮಾಡಿ" ಅಂದರಂತೆ.

ಬೆಂಚಿನ ಮೇಲಿನ ಸಾಹೇಬರು

ಮನೆ ಖಾತೆ ಮಾಡಿಕೊಡುವ ಕಚೇರಿಯೊಂದರಲ್ಲಿ ಒಬ್ಬ ಅಧಿಕಾರಿ ಇದ್ದರು. ಇದ್ದರು ಅನ್ನುವುದು ಸಂಬಳದ ಲೆಕ್ಕಕ್ಕೆ. ಅವರ ಕುರ್ಚಿಯ ಮೇಲೆ ಟವೆಲ್ ಇರುತ್ತಿತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ನಡುವೆ ಅವರು ಇರುತ್ತಿರಲಿಲ್ಲ. ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ದೊಡ್ಡದಾಗುತ್ತದೆ ಅನ್ನುವ ಸುದ್ದಿ ಹಬ್ಬಿದ್ದ ಕಾಲ ಅದು. ಸಾಹೇಬರು ಅಲ್ಲಿಗೆ ಹೋಗುವ ರಸ್ತೆಯ ಒಂದು ಅಂಗಡಿಯಲ್ಲಿ ಕೂತು ಸೈಟು ವ್ಯಾಪಾರ ಮಾಡುತ್ತಿದ್ದರು.

ದೂರು ಹೋಯಿತು, ಅವರು ಅಮಾನತಾದರು. ಅಮಾನತು ಅಂದರೆ ಮನೆಯಲ್ಲಿ ಕೂರುವುದು ಎಂದು ನಾನು ತಿಳಿದಿದ್ದೆ. ಆದರೆ ಇವರ ಮೇಲಧಿಕಾರಿ ಹಟವಾದಿ. ಊರು ಬಿಟ್ಟು ಹೋಗಕೂಡದು, ದಿನಾ ಬಂದು ಹಾಜರಿ ಹಾಕಬೇಕು, ಸಂಜೆವರೆಗೂ ಇಲ್ಲೇ ಇರಬೇಕು, ಆದರೆ ಯಾವ ಫೈಲನ್ನೂ ಮುಟ್ಟಬಾರದು ಎಂದು ಆದೇಶ ಮಾಡಿದರು. ಹಾಗಾಗಿ ವರ್ಷಗಟ್ಟಲೆ ಕಚೇರಿಗೆ ಬಾರದಿದ್ದವರು ಅಮಾನತಾದ ಮೇಲೆ ದಿನಾ ಬರತೊಡಗಿದರು. ಒಳಗೆ ಕೂರುವಂತಿಲ್ಲವಾದ್ದರಿಂದ ಜಗಲಿಯ ಬೆಂಚಿನ ಮೇಲೆ ಕೂರುತ್ತಿದ್ದರು.

ಒಂದು ದಿನ ನಾನು ಅವರ ಪಕ್ಕ ಕೂತು ಮಾತಾಡಿಸಲು ನೋಡುತ್ತಿದ್ದೆ. ಅವರು "ನೀವು ಬರೆದಿದ್ದು ಸಾಲದಾ ಮೇಡಂ" ಎಂದು ಮುಖ ತಿರುಗಿಸಿದರು. ಆಗ ರಾಜೀವನಗರದಿಂದ ಒಬ್ಬ ಹೆಂಗಸು ಬಂದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು, ಗಂಡ ತೀರಿಹೋಗಿದ್ದ. ಮನೆ ತನ್ನ ಹೆಸರಿಗೆ ಆಗದಿದ್ದರೆ ಮೈದುನ ಹೊರಗೆ ಹಾಕುತ್ತಾನೆ ಅನ್ನುವ ಭಯ ಅವಳಿಗೆ. ಬೆಂಚಿನ ತುದಿಯಲ್ಲಿ ಕೂತು, ಸಾಹೇಬರೂ ತನ್ನ ಹಾಗೆ ಕಾಯಲು ಬಂದವರೆಂದುಕೊಂಡು ಮಾತು ತೆಗೆದಳು.

"ನಿಮ್ಮದೂ ಖಾತೆನಾ ಅಣ್ಣ?"

ಸಾಹೇಬರು ಹ್ಞೂಂ ಅಂದರು.

"ಆಗಲ್ಲ ಬಿಡಿ. ಈ ಸೀಟಲ್ಲಿ ಒಬ್ಬ ಇದ್ದಾನೆ. ಎಷ್ಟು ಸಲ ಬಂದಿದ್ದೀನೋ, ಇದುವರೆಗೂ ಅವನ ಮುಖ ನೋಡಿಲ್ಲ. ಅವನ ಹೆಂಡತಿನಾದ್ರೂ ನೋಡಿದ್ದಾಳೋ ಇಲ್ವೋ."

ಸಾಹೇಬರು ಅವಳ ಕಡೆ ತಿರುಗಿ ಕೈ ಚಾಚಿದರು. "ಎಲ್ಲಿ, ನಿಮ್ಮ ಕಾಗದ ಕೊಡಿ" ಅಂದರು. ತಿರುವಿ ನೋಡಿ, "ಇದರಲ್ಲಿ ವಂಶವೃಕ್ಷ ಇಲ್ಲ. ಅದೊಂದು ತಂದು ಒಳಗೆ ಮೂರನೇ ಟೇಬಲ್ಲಿಗೆ ಕೊಡಿ. ಆಗಲ್ಲ ಅಂದ್ರೆ ಬೆಂಚಿನೋರು ಕೇಳಿದ್ರು ಅನ್ನಿ" ಎಂದರು.

ಅವಳ ಖಾತೆ ಆಯಿತು. ಅವಳು ಬೀದಿಯವರಿಗೆಲ್ಲ ಹೇಳಿದಳು. ಆಮೇಲೆ ನೋಡಬೇಕು, ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಬೆಂಚಿನ ಮುಂದೆ ಜನ. ಸಾಹೇಬರಿಗೆ ಬೇರೆ ಕೆಲಸವಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಯಾವ ಕಾಗದ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಎಷ್ಟೋ ಕಾಗದ ಸಿಕ್ಕಿಹಾಕಿಸಿದವರು ಅವರೇ.

ಕೊನೆಗೊಂದು ದಿನ ಅಮಾನತು ರದ್ದಾಗುವ ಸುದ್ದಿ ಬಂತು. ನಾನು ಮೇಲಧಿಕಾರಿಯ ಕೋಣೆಯಲ್ಲಿದ್ದಾಗಲೇ ಜನ ಗುಂಪಾಗಿ ಬಂದರು. ಮುಂದೆ ನಿಂತಿದ್ದವಳು ಅದೇ ಹೆಂಗಸು. ಇಂಥವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಡಿ ಎಂದು ಜಗಳಕ್ಕೆ ಬಂದಿದ್ದಾರೆ ಅಂದುಕೊಂಡ ಮೇಲಧಿಕಾರಿ, ಶಿಕ್ಷೆ ಬೇರೆ ಇದ್ದೇ ಇದೆ ಎಂದು ಸಮಾಧಾನ ಹೇಳತೊಡಗಿದರು.

"ಶಿಕ್ಷೆ ಏನೂ ಬೇಡ ಸ್ವಾಮಿ" ಅಂದಳು ಅವಳು. "ಅವರನ್ನ ಸಸ್ಪೆಂಡಲ್ಲೇ ಇಟ್ಟಿರಿ. ಒಳಗೆ ಕಳಿಸಿದ್ರೆ ಮತ್ತೆ ಸಿಗಲ್ಲ."

ಆಪ್ತಮಿತ್ರರು

ನಮ್ಮ ಕಚೇರಿಗೆ ಒಬ್ಬ ಮಾಜಿ ಕೌನ್ಸಿಲರ್ ಬರುತ್ತಿದ್ದರು. ದೊಡ್ಡವರು ಯಾರೇ ತೀರಿಕೊಳ್ಳಲಿ, ಇವರ ಸಂತಾಪ ತಪ್ಪುತ್ತಿರಲಿಲ್ಲ. ಒಕ್ಕಣೆ ಒಂದೇ: "ಇವರ ನಿಧನದಿಂದ ನಾಡಿಗೆ ತುಂಬಲಾರದ ನಷ್ಟವಾಗಿದೆ. ವೈಯಕ್ತಿಕವಾಗಿ ನಾನು ಒಬ್ಬ ಆಪ್ತಮಿತ್ರರನ್ನು ಕಳೆದುಕೊಂಡಿದ್ದೇನೆ." ಜೊತೆಗೆ ಅವರ ಒಂದು ನಗುವ ಫೋಟೋ.

ಒಮ್ಮೆ ಹಿರಿಯ ಮುಖಂಡರೊಬ್ಬರು ಆಸ್ಪತ್ರೆಯಲ್ಲಿದ್ದಾಗಲೇ ಇವರು ಸಂತಾಪ ತಂದುಕೊಟ್ಟರು. "ಇನ್ನೂ ಬದುಕಿದ್ದಾರಲ್ಲ ಸಾರ್" ಅಂದೆ. "ಆಮೇಲೆ ಜಾಗ ಇಲ್ಲ ಅಂತೀರಮ್ಮ ನೀವು" ಅಂದರು. ಮುಖಂಡರು ಚೇತರಿಸಿಕೊಂಡು ಮನೆಗೆ ಹೋದ ಮೇಲೆ ಇವರೇ ಬಂದು, ಅದೇ ಹಾಳೆಯಲ್ಲಿ 'ನಿಧನ' ತೆಗೆದು 'ಚೇತರಿಕೆ' ಎಂದು ಬರೆದುಕೊಟ್ಟರು. ಮಿಕ್ಕಿದ್ದನ್ನು ತಿದ್ದಲಿಲ್ಲ. ಮುಖಂಡರ ಚೇತರಿಕೆಯಿಂದ ನಾಡಿಗೆ ತುಂಬಲಾರದ ನಷ್ಟವಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಒಂದು ಸಲ ಎಲ್ಲೋ ದೂರದೇಶದ ಅಧ್ಯಕ್ಷರೊಬ್ಬರು ತೀರಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಇವರು ಹಾಜರು. ಹಾಳೆಯಲ್ಲಿ ಅದೇ ಆಪ್ತಮಿತ್ರರು. ಸಂಪಾದಕರು ಕನ್ನಡಕ ತೆಗೆದು, "ಇವರು ನಿಮಗೆ ಹೇಗೆ ಸ್ನೇಹಿತರು?" ಎಂದು ಕೇಳಿದರು.

ಅವರು ಸ್ವಲ್ಪವೂ ಅಳುಕದೆ ಹೇಳಿದರು: "ನನ್ನ ಕಡೆಯಿಂದ ಸ್ನೇಹ ಇತ್ತು ಕಣ್ರೀ. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ."

ಪೈಲ್ವಾನರ ನಿಧನ

ನಜರ್‌ಬಾದಿನಲ್ಲಿ ಒಬ್ಬ ಹಳೆಯ ಪೈಲ್ವಾನರಿದ್ದರು. ಒಂದು ಕಾಲಕ್ಕೆ ದಸರಾ ಕುಸ್ತಿಯಲ್ಲಿ ಅವರ ಹೆಸರು ಕೂಗಿದರೆ ಜನ ಎದ್ದು ನಿಲ್ಲುತ್ತಿದ್ದರಂತೆ. ವಯಸ್ಸಾಗಿ, ಎದೆನೋವೆಂದು ಆಸ್ಪತ್ರೆ ಸೇರಿದರು. ನಮ್ಮ ಹಿರಿಯ ವರದಿಗಾರರು ಅವರ ಜೀವನದ ಬಗ್ಗೆ ಒಂದು ಲೇಖನ ಬರೆದು ಸಿದ್ಧವಾಗಿಟ್ಟುಕೊಂಡು, ದಿನಾ ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸುತ್ತಿದ್ದರು. ಒಂದು ಸಂಜೆ ವಾರ್ಡಿನವನು ಫೋನಿನಲ್ಲಿ ಹೇಳಿದ: "ಪೈಲ್ವಾನ್ರಾ? ಅವ್ರು ಬೆಳಿಗ್ಗೆನೇ ಹೋಗ್ಬುಟ್ರಲ್ಲ ಸಾರ್."

ಹಿರಿಯರು "ಅಯ್ಯೋ ಪಾಪ" ಎಂದು ಫೋನಿಟ್ಟರು. ಪೈಲ್ವಾನರು ಹೋಗಿದ್ದು ನಿಜ. ಗಂಜಿ ವಿಷಯಕ್ಕೆ ಜಗಳವಾಡಿಕೊಂಡು ಆಟೋದಲ್ಲಿ ಮನೆಗೆ ಹೋಗಿದ್ದರು.

ಮಾರನೇ ಬೆಳಿಗ್ಗೆ ಮುಖಪುಟದಲ್ಲಿ ನಿಧನವಾರ್ತೆ ಬಂತು. ಅಂತ್ಯಕ್ರಿಯೆಯ ವರದಿಗೆ ನನ್ನನ್ನು ಕಳಿಸಿದರು. ಮನೆ ಮುಂದೆ ಜನ ಸೇರಿದ್ದರು. ಆದರೆ ಎಲ್ಲರ ಕೈಯಲ್ಲೂ ಕಾಫಿ ಲೋಟ. ನಡುವೆ ಕುರ್ಚಿಯಲ್ಲಿ ಪೈಲ್ವಾನರೇ ಕೂತಿದ್ದರು, ತೊಡೆಯ ಮೇಲೆ ನಮ್ಮ ಪತ್ರಿಕೆ.

"ನೀನೇನವ್ವ ಪೇಪರ್ನೋಳು?"

"ಹೌದು ತಾತ. ತುಂಬ ದೊಡ್ಡ ತಪ್ಪಾಗಿದೆ."

"ಆಗಿದೆ. ಕೂತ್ಕೊ. ಇದನ್ನ ಓದು."

ಅವರ ದಪ್ಪ ಬೆರಳು ಕೊನೆಯ ಪ್ಯಾರಾದ ಮೇಲಿತ್ತು. ಮಂಡಕಳ್ಳಿ ಕಡೆಯ ಒಬ್ಬ ಪೈಲ್ವಾನರ ಎದುರು ಒಂದೇ ಒಂದು ಬಾರಿ ಅವರು ಸೋತಿದ್ದರು ಎಂದು ಅಲ್ಲಿ ಬರೆದಿತ್ತು.

"ನಾನು ಯಾವತ್ತವ್ವ ಅವನಿಗೆ ಸೋತೆ? ಅದು ಸಮ ಬುಟ್ಟ ಕುಸ್ತಿ. ಒಂದು ಭುಜ ಮಣ್ಣಿಗೆ ತಾಗಿತ್ತು, ಇನ್ನೊಂದು ತಾಗ್ಲಿಲ್ಲ."

"ತಾತ, ಅದಿರಲಿ, ನೀವು ತೀರಿಕೊಂಡಿದ್ದೀರಿ ಅಂತ ಬೇರೆ..."

"ಅದನ್ನ ಬುಡು. ಸತ್ತಿದ್ದು ಇವತ್ತಲ್ಲ ನಾಳೆ ನಿಜ ಆಯ್ತದೆ. ಸೋತಿದ್ದು ಎಂಗವ್ವ ನಿಜ ಆದಾತು?"

ಸೊಸೆ ನನ್ನ ಕೈಗೆ ಕಾಫಿ ಕೊಡುತ್ತ ಪಿಸುಗುಟ್ಟಿದಳು: "ಬೆಳಿಗ್ಗೆಯಿಂದ ಇದೇ ಕಣ್ರೀ. ಒಂದು ತುತ್ತೂ ತಿಂದಿಲ್ಲ. ರಾತ್ರಿವರೆಗೂ ಹಿಂಗೇ ಇದ್ರೆ ನೀವು ಹಾಕಿದ್ದೇ ನಿಜ ಆಗುತ್ತೆ."

ಪಕ್ಕದ ಟೆಲಿಫೋನ್ ಬೂತಿಗೆ ಓಡಿ ಸಂಪಾದಕರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ ನಿಧಾನವಾಗಿ ಹೇಳಿದರು: "ಬದುಕಿದ್ದಾರೆ ಅಂತ ಹಾಕೋಣ, ಅದನ್ನ ನೀನೇ ಕಣ್ಣಾರೆ ನೋಡಿದ್ದೀಯ. ಕುಸ್ತಿ ಸಮ ಆಯ್ತು ಅಂತ ಹಾಕೋಕೆ ಆ ಇನ್ನೊಬ್ಬರನ್ನೂ ಒಂದು ಮಾತು ಕೇಳಬೇಕಲ್ಲಮ್ಮ."

ಕೇಳಲು ಎಲ್ಲಿಗೂ ಹೋಗಬೇಕಾಗಲಿಲ್ಲ. ನಾನು ವಾಪಸ್ಸು ಬರುವಾಗ ಬೀದಿಯ ತುದಿಯಿಂದ ಒಬ್ಬ ಮುದುಕರು ಕೋಲೂರಿಕೊಂಡು ಬರುತ್ತಿದ್ದರು. ಅಗಲವಾದ ಭುಜ, ಮುರುಟಿದ ಕಿವಿ, ಕೈಯಲ್ಲಿ ದೊಡ್ಡದೊಂದು ಸುಗಂಧರಾಜದ ಹಾರ. ಪತ್ರಿಕೆ ನೋಡಿ ಮಂಡಕಳ್ಳಿ ಕಡೆಯಿಂದ ಬಸ್ಸು ಹತ್ತಿ ಬಂದಿದ್ದರು. ಜನ ದಾರಿ ಬಿಟ್ಟರು. ಕುರ್ಚಿಯಲ್ಲಿ ಕೂತಿದ್ದವರನ್ನು ಕಂಡು ಅವರು ನಿಂತಲ್ಲೇ ನಿಂತುಬಿಟ್ಟರು.

"ಏನ್ಲಾ, ಇದ್ದೀಯಾ?"

"ಇವ್ನಿ ಬಾರ್ಲಾ."

ಇಬ್ಬರೂ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಬಂದವರ ಕಣ್ಣಲ್ಲಿ ನೀರಿತ್ತು. ಸೊಸೆ ಒಂದು ಸ್ಟೂಲು ಹಾಕಿದಳು, ಅವರು ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಮ್ಮ ಪೈಲ್ವಾನರು ನನ್ನ ಕಡೆ ಕೈ ತೋರಿಸಿದರು.

"ಈ ಮಗ ಪೇಪರ್ನೋಳು. ಇವಳ ಮುಂದೆ ಹೇಳ್ಬುಡು. ಆವತ್ತಿನ ಕುಸ್ತಿ ಏನಾಯ್ತು?"

ಜನ ಕಾಫಿ ಕುಡಿಯುವುದನ್ನು ನಿಲ್ಲಿಸಿದರು. ನಾನು ಪೆನ್ನು ತೆಗೆದೆ. ಬಂದವರು ಹಾರದ ಹೂವನ್ನು ಒಂದೊಂದಾಗಿ ನೇವರಿಸುತ್ತ ಯೋಚಿಸಿದರು.

"ಬಸ್ಸಲ್ಲಿ ಬರ್ತಾ ದಾರಿ ಉದ್ದಕ್ಕೂ ಅದನ್ನೇ ನೆನೀತಿದ್ದೆ ಕಣ್ಲಾ. ಸಮ ಏನು, ನೀನೇ ಗೆದ್ದೆ ಅಂತ ಎಲ್ಲಾರ ಮುಂದೆ ಹೇಳ್ಬುಡನ ಅಂತ ತೀರ್ಮಾನ ಮಾಡ್ಕಂಡೇ ಬಂದೆ."

ನಮ್ಮ ಪೈಲ್ವಾನರ ಮುಖ ಅರಳಿತು. ಬೆನ್ನು ನೆಟ್ಟಗೆ ಮಾಡಿ ಕೂತರು. "ಹೇಳು ಮತ್ತೆ."

ಅವರು ತಲೆ ಅಲ್ಲಾಡಿಸಿದರು.

"ಈಗ ಎಂಗ್ಲಾ ಹೇಳಾದು? ನೀನು ಸತ್ತಿಲ್ವಲ್ಲ."